ನೆರೆಯ ತೋಟದ ಗೊನೆ ಎಣಿಸುವವರು

ಡಿಸೆಂಬರ್ ನಡುರಾತ್ರಿ ಕಲಬುರಗಿ ಜಿಲ್ಲೆಯ ಕಮಲಾಪುರದ ಬಾಳೆತೋಟದ ಬದುವಿನ ಮೇಲೆ ನಿಂತು ಕತ್ತೆತ್ತಿದರೆ, ರೋಹಿಣಿ ನಕ್ಷತ್ರದ ತುಸು ಪೂರ್ವಕ್ಕೆ, ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಒಂದು ನಕ್ಷತ್ರದ ಸಮಾಧಿ ಇದೆ. ಬರಿಗಣ್ಣಿಗೆ ಅಲ್ಲಿ ಏನೂ ಕಾಣದು. 1054ರ ಜುಲೈನಲ್ಲಿ ಆ ನಕ್ಷತ್ರ ಸಿಡಿದದ್ದು ಕಂಡಾಗ 23 ದಿನ ಹಗಲಿನಲ್ಲೇ ಕಣ್ಣಿಗೆ ಬಿದ್ದಿತ್ತು, ಆಮೇಲೆ ಸುಮಾರು ಎರಡು ವರ್ಷ ರಾತ್ರಿಯಲ್ಲಿ ಉಳಿದಿತ್ತು. ಚೀನಾದ ಆಸ್ಥಾನ ಜ್ಯೋತಿಷಿಗಳು ಅದನ್ನು ದಿನ ಎಣಿಸಿ ಬರೆದಿಟ್ಟರು. ಆ ವರ್ಷ ಕಮಲಾಪುರದ ಉತ್ತರಕ್ಕಿರುವ ಕಲ್ಯಾಣದಲ್ಲಿ ಚಾಲುಕ್ಯರ ಒಂದನೇ ಸೋಮೇಶ್ವರ ಆಳುತ್ತಿದ್ದ. ಮುಂಗಾರಿನ ತಿಂಗಳು ಬೇರೆ. ಈ ಸೀಮೆಯಲ್ಲಿ ಆಕಾಶ ನೋಡಬೇಕೆಂದರೆ ಮೋಡ ಸರಿಯುವವರೆಗೆ ಕಾಯಬೇಕು.

ಆಕಾಶದ ಮೇಲಿನ ಆಸೆ ಕಲಬುರಗಿಗೆ ಹೊಸದಲ್ಲ. ಅಲ್ಲಿನ ಹಫ್ತ್ ಗುಂಬಜ್‌ನ ಸಮಾಧಿಗಳಲ್ಲಿ ಒಂದು ಫಿರೋಜ್ ಷಾ ಬಹಮನಿಯದು. 1397ರಿಂದ 1422ರವರೆಗೆ ಆಳಿದ ಈ ಸುಲ್ತಾನ 1407ರಲ್ಲಿ ದೌಲತಾಬಾದಿನ ಹತ್ತಿರದ ಘಟ್ಟದ ಮೇಲೆ ಒಂದು ವೀಕ್ಷಣಾಲಯ ಕಟ್ಟಲು ಹೊರಟಿದ್ದ. ಅದನ್ನು ವಹಿಸಿಕೊಂಡಿದ್ದ ವಿದ್ವಾಂಸ ಹಕೀಂ ಹಸನ್ ಗಿಲಾನಿ ತೀರಿಕೊಂಡದ್ದರಿಂದ ಆ ಕೆಲಸ ಅರ್ಧಕ್ಕೇ ನಿಂತಿತು ಎಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಅದು ಮುಗಿದಿದ್ದರೂ ಮೋಡದ ದಿನ ಬಾಗಿಲು ಹಾಕಲೇಬೇಕಿತ್ತು.

ಮೋಡಕ್ಕೆ ಅಂಜದ ವೀಕ್ಷಣಾಲಯ ಕನ್ನಡ ನೆಲದಲ್ಲಿ ಎದ್ದದ್ದು 1970ರ ದಶಕದಲ್ಲಿ, ಬೆಂಗಳೂರಿನ ಉತ್ತರಕ್ಕಿರುವ ಗೌರಿಬಿದನೂರಿನಲ್ಲಿ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ರೇಡಿಯೊ ದೂರದರ್ಶಕವದು. ಅದಕ್ಕೆ ಮಸೂರವೂ ಇರಲಿಲ್ಲ, ಗುಮ್ಮಟವೂ ಇರಲಿಲ್ಲ. ಬಯಲಿನಲ್ಲಿ ಕಂಬ ನೆಟ್ಟು ಕಟ್ಟಿದ ಸಾವಿರ ಡೈಪೋಲ್ ಆಂಟೆನಾಗಳು, ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ. ಪೂರ್ವ-ಪಶ್ಚಿಮದ ತೋಳು 1.4 ಕಿಲೋಮೀಟರ್, ದಕ್ಷಿಣಕ್ಕೆ ಚಾಚಿದ್ದು ಸುಮಾರು ಅರ್ಧ ಕಿಲೋಮೀಟರ್. ಕೇಳುತ್ತಿದ್ದ ಕಂಪನಾಂಕ 34.5 ಮೆಗಾಹರ್ಟ್ಸ್; ಅಂದರೆ ಒಂದೊಂದು ಅಲೆಯೂ ಸುಮಾರು 8.7 ಮೀಟರ್ ಉದ್ದ. ಇಷ್ಟು ಉದ್ದದ ಅಲೆಗೆ ಮಳೆಮೋಡ ಲೆಕ್ಕಕ್ಕಿಲ್ಲ, ನಕ್ಷತ್ರಗಳ ನಡುವಿನ ಧೂಳೂ ಲೆಕ್ಕಕ್ಕಿಲ್ಲ. ಕಾಟ ಕೊಡುವುದು ಅಯಾನುಗೋಳ ಮತ್ತು ಮನುಷ್ಯರ ಪ್ರಸಾರ ಕೇಂದ್ರಗಳು.

ಸತ್ತ ನಕ್ಷತ್ರವೇಕೆ ರೇಡಿಯೊ ಅಲೆ ಸೂಸುತ್ತದೆ? ಸಿಡಿದ ನಕ್ಷತ್ರಗಳ ಬಹುಪಾಲು ಅವಶೇಷಗಳಲ್ಲಿ ಹೊರಚಿಮ್ಮಿದ ಅನಿಲ ಸುತ್ತಲಿನ ತೆಳು ಅನಿಲಕ್ಕೆ ಅಪ್ಪಳಿಸುತ್ತದೆ. ಆ ಆಘಾತದಲ್ಲಿ ಎಲೆಕ್ಟ್ರಾನುಗಳು ಬೆಳಕಿನ ವೇಗದ ಸಮೀಪಕ್ಕೆ ತಳ್ಳಿಸಿಕೊಂಡು, ಕಾಂತರೇಖೆಗಳ ಸುತ್ತ ಸುರುಳಿ ಸುತ್ತುತ್ತ ರೇಡಿಯೊ ಅಲೆಗಳನ್ನು ಹೊರಡಿಸುತ್ತವೆ. ಬೆಳಕು ಆರಿದ ಮೇಲೂ ಸಾವಿರಾರು ವರ್ಷ ಈ ಸದ್ದು ನಿಲ್ಲದು. 1054ರ ಸಮಾಧಿಯನ್ನು, ಅಂದರೆ ಏಡಿ ನೀಹಾರಿಕೆಯನ್ನು, ರೇಡಿಯೊ ಆಕರವೆಂದು 1949ರಲ್ಲಿ ಗುರುತಿಸಿದವರು ಆಸ್ಟ್ರೇಲಿಯಾದ ಜಾನ್ ಬೋಲ್ಟನ್ ಮತ್ತು ಸಂಗಡಿಗರು.

ಈ ಸದ್ದಿಗೆ ಒಂದು ಗುರುತಿದೆ: ಕಂಪನಾಂಕ ಇಳಿದಷ್ಟೂ ಅದು ಜೋರಾಗುತ್ತದೆ. ಹೊಸ ನಕ್ಷತ್ರ ಹುಟ್ಟುವ ಬಿಸಿ ಅನಿಲದ ಮೋಡ ಹಾಗಲ್ಲ, ಅದರ ದನಿ ಹೆಚ್ಚುಕಡಿಮೆ ಒಂದೇ ಮಟ್ಟ. ಎರಡು ಕಂಪನಾಂಕಗಳಲ್ಲಿ ಕೇಳಿ ತಾಳೆ ನೋಡಿದರೆ ತೊಟ್ಟಿಲು ಯಾವುದು, ಸಮಾಧಿ ಯಾವುದು ಎಂದು ಬಹುಮಟ್ಟಿಗೆ ತಿಳಿಯುತ್ತದೆ. ಈ ಕಸುಬಿನ ಜೀವಾಳ ಇದೇ. ಗೌರಿಬಿದನೂರಿನ 34.5 ಮೆಗಾಹರ್ಟ್ಸ್‌ಗೆ ಬೆಲೆ ಬಂದದ್ದೂ ಇದರಿಂದಲೇ, ಅಷ್ಟು ತಗ್ಗಿನಲ್ಲಿ ಕಿವಿಗೊಟ್ಟವರು ಜಗತ್ತಿನಲ್ಲಿ ಕೆಲವರೇ. ಸಿಎಚ್.ವಿ. ಶಾಸ್ತ್ರಿ, ಕೆ.ಎಸ್. ದ್ವಾರಕಾನಾಥ್, ಆರ್.ಕೆ. ಶೆವಗಾಂವ್ಕರ್ ಅವರು 1981ರಲ್ಲಿ ರಾಜಹಂಸ ನಕ್ಷತ್ರಪುಂಜದ ‘ಸಿಗ್ನಸ್ ಲೂಪ್’ ಎಂಬ ಅವಶೇಷದ ನಕ್ಷೆ ಪ್ರಕಟಿಸಿದರು. ಆಕಾಶದಲ್ಲಿ ಅದರ ಅಗಲ ಆರು ಹುಣ್ಣಿಮೆ ಚಂದ್ರರಷ್ಟು. ಮರುವರ್ಷ ಇನ್ನೆರಡು ಅವಶೇಷಗಳ ನಕ್ಷೆ ಬಂತು. 1990ರಲ್ಲಿ ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಇದೇ ಬಯಲಿನಿಂದ ಆಕಾಶದ ಬಹುಭಾಗದ ನಕ್ಷೆಯನ್ನೇ ಕೊಟ್ಟರು. ಕಂಬ ಮತ್ತು ತಂತಿಯಿಂದ ಮಾಡಿದ ಈ ಕೆಲಸವನ್ನು ಕನ್ನಡಿಗರು ಇನ್ನೂ ಸಾಕಷ್ಟು ಹೇಳಿಕೊಂಡಿಲ್ಲ.

ಹಾಗಾದರೆ ಅವಶೇಷಗಳನ್ನು ಎಣಿಸುವವರು ನಮ್ಮ ಆಕಾಶಗಂಗೆ ಬಿಟ್ಟು ನೆರೆಯ ಗೆಲಾಕ್ಸಿಗೆ ಹೋಗುವುದೇಕೆ? ಕಮಲಾಪುರದ ಕೆಂಬಾಳೆ ತೋಟದೊಳಗೆ ನಿಂತವನಿಗೆ ಮುಂದಿನ ನಾಲ್ಕು ಗಿಡ ಕಾಣುತ್ತವೆ, ಅದರಾಚೆ ಬರೀ ಎಲೆ. ದಿಬ್ಬ ಹತ್ತಿ ಪಕ್ಕದ ತೋಟ ನೋಡಿದರೆ ಇಡೀ ತೋಟ ಒಂದೇ ನೋಟಕ್ಕೆ ಸಿಗುತ್ತದೆ. ನಾವಿರುವುದು ಆಕಾಶಗಂಗೆಯ ಒಳಗೆ. ಇಲ್ಲಿನ ಅವಶೇಷ ಹತ್ತಿರದ್ದೋ ದೂರದ್ದೋ ಹೇಳುವುದೇ ಕಷ್ಟ, ಆದ್ದರಿಂದ ಅದರ ನಿಜಗಾತ್ರವೂ ಅನುಮಾನ. ನೆರೆಯ ಗೆಲಾಕ್ಸಿಯಲ್ಲಿರುವ ಅವಶೇಷಗಳೆಲ್ಲ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರ. ಯಾವುದು ದೊಡ್ಡದು, ಯಾವುದು ಪ್ರಖರ ಎಂದು ನೇರ ಹೋಲಿಸಬಹುದು.

ಆದರೆ ಅದಕ್ಕೆ ಚೂಪು ನೋಟ ಬೇಕು. ಗೌರಿಬಿದನೂರಿಗೆ ಹುಣ್ಣಿಮೆ ಚಂದ್ರನಷ್ಟು ಅಗಲದೊಳಗಿನ ವಿವರ ಬಿಡಿಸಿ ಕಾಣುತ್ತಿರಲಿಲ್ಲ. ಆಸ್ಟ್ರೇಲಿಯಾದ ಮ್ಯಾಥ್ಯೂಸನ್ ಮತ್ತು ಕ್ಲಾರ್ಕ್ 1973ರಲ್ಲಿ ನೆರೆಯ ಗೆಲಾಕ್ಸಿಗಳಾದ ಮೆಗಲನ್ ಮೋಡಗಳ ಅವಶೇಷಗಳನ್ನು ಹುಡುಕಿದಾಗ ರೇಡಿಯೊ ಸಾಕ್ಷಿಯ ಜೊತೆ ಗಂಧಕದ ಕೆಂಪು ಬೆಳಕನ್ನೂ ಅಳೆದರು. ಆಘಾತಕ್ಕೆ ಸಿಕ್ಕ ಅನಿಲದಲ್ಲಿ ಆ ಬೆಳಕು ಜಲಜನಕದ ಬೆಳಕಿಗೆ ಹೋಲಿಸಿದರೆ ಹೆಚ್ಚು. ಹಿನ್ನೆಲೆಯಲ್ಲಿರುವ ದೂರದ ಗೆಲಾಕ್ಸಿಗಳೂ ಅವಶೇಷದಂತೆಯೇ ಸದ್ದು ಮಾಡಿ ದಾರಿ ತಪ್ಪಿಸುವುದರಿಂದ ಈ ಎರಡನೇ ಸಾಕ್ಷಿ ಇಂದಿಗೂ ಬೇಕು.

ಧೂಳು ದಟ್ಟವಾದಲ್ಲಿ ರೇಡಿಯೊವೇ ಮುಖ್ಯ ದಾರಿ. ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ಎಂ82 ಗೆಲಾಕ್ಸಿಯಲ್ಲಿ 2008ರ ಸೂಪರ್‌ನೋವಾ, ಅಂದರೆ ನಕ್ಷತ್ರಸ್ಫೋಟ, ಬೆಳಕಿನ ಯಾವ ದೂರದರ್ಶಕಕ್ಕೂ ಸಿಗಲಿಲ್ಲ. ಮರುವರ್ಷ ರೇಡಿಯೊ ದತ್ತಾಂಶ ತಿರುವಿ ಹಾಕುವಾಗ ಅದು ಹೊರಬಿತ್ತು.

ಈಚಿನ ದೊಡ್ಡ ಎಣಿಕೆ ಎಂ33 ಗೆಲಾಕ್ಸಿಯದು. ಅದರ ದೂರ ಸುಮಾರು 27 ಲಕ್ಷ ಜ್ಯೋತಿರ್ವರ್ಷ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿರುವ 27 ತಟ್ಟೆಗಳ ರೇಡಿಯೊ ದೂರದರ್ಶಕ ವಿಎಲ್‌ಎ ಬಳಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆ 2,875 ರೇಡಿಯೊ ಆಕರಗಳನ್ನು ಪಟ್ಟಿಮಾಡಿತು. ಅದರ ನೋಟದ ಚೂಪು ಎಷ್ಟೆಂದರೆ ಮುಕ್ಕಾಲು ಕಿಲೋಮೀಟರ್ ಆಚೆ ಹಿಡಿದ ಒಂದು ರೂಪಾಯಿ ನಾಣ್ಯದಷ್ಟು. ಬೆಳಕಿನಲ್ಲಿ ಮೊದಲೇ ಗುರುತಿಸಿದ್ದ 217 ಅವಶೇಷಗಳಲ್ಲಿ 155 ರೇಡಿಯೊದಲ್ಲೂ ಸಿಕ್ಕವು. ಉಳಿದ 62ರ ದನಿ ಆ ಸಮೀಕ್ಷೆಯ ಕಿವಿಗೂ ಬೀಳದಷ್ಟು ಕ್ಷೀಣ.

ಗೌರಿಬಿದನೂರಿನ ಬಯಲಿನಲ್ಲಿ ಈಗ ಬೇರೆ ಆಂಟೆನಾಗಳಿವೆ. 1997ರಿಂದ ಅಲ್ಲಿನ ರೇಡಿಯೊಹೀಲಿಯೊಗ್ರಾಫ್ ಹಗಲಿನಲ್ಲಿ ಸೂರ್ಯನನ್ನು ಆಲಿಸುತ್ತಿದೆ. ಎಂ33 ಕಾರ್ತಿಕದ ರಾತ್ರಿ ಹತ್ತರ ಹೊತ್ತಿಗೆ ಕಮಲಾಪುರದ ನೆತ್ತಿಯಿಂದ ತುಸು ಉತ್ತರಕ್ಕೆ ಬಂದಿರುತ್ತದೆ. ಕಲಬುರಗಿಯ ಬೀದಿದೀಪಗಳಿಂದ ದೂರ ಸರಿದು, ಒಂದು ಒಳ್ಳೆಯ ಬೈನಾಕ್ಯುಲರ್ ಹಿಡಿದರೆ, ಆ ತೋಟ ಮಸುಕು ಬೆಳಕಿನ ಒಂದು ಹನಿಯಂತೆ ಕಾಣುತ್ತದೆ.