ಹುಳುಕಡ್ಡಿ ಏಕೆ ಮಾಯುತ್ತಿಲ್ಲ?

ತಾಜಸುಲ್ತಾನಪುರವೂ ಸೇರಿದಂತೆ ಕಲಬುರಗಿ ಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರು ನಿಲ್ಲುವ ತೊಡೆಸಂದು, ಕಂಕುಳು, ಸೊಂಟಗಳಲ್ಲಿ ಉಂಗುರದಂತೆ ಕೆಂಪೇರಿ ತುರಿಸುವ ಹುಳುಕಡ್ಡಿಯನ್ನು ಆಯುರ್ವೇದವು ದದ್ರು ಎನ್ನುತ್ತದೆ. ಚರಕರು ಇದನ್ನು ಕ್ಷುದ್ರಕುಷ್ಠಗಳಲ್ಲಿ ಎಣಿಸಿದರೆ ಸುಶ್ರುತರು ಮಹಾಕುಷ್ಠಗಳಲ್ಲಿ ಸೇರಿಸಿದ್ದಾರೆ. ಹೆಸರಿನಲ್ಲಿ ಹುಳುವಿದ್ದರೂ ಕಾರಣ ಶಿಲೀಂಧ್ರ. ಹಿಂದೆ ಕೆಲವು ವಾರಗಳಲ್ಲಿ ಮಾಯುತ್ತಿದ್ದ ಈ ರೋಗ ಇಂದು ತಿಂಗಳುಗಟ್ಟಲೆ ಕಾಡುತ್ತಿರುವುದೇಕೆ?

ಉತ್ತರವು ಶಿಲೀಂಧ್ರದ ಒಂದು ಕಿಣ್ವದಲ್ಲಿದೆ. ಅದರ ಹೆಸರು ಸ್ಕ್ವಾಲೀನ್ ಎಪಾಕ್ಸಿಡೇಸ್. ಶಿಲೀಂಧ್ರವು ತನ್ನ ಜೀವಕೋಶದ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಿಸಲು ಈ ಕಿಣ್ವ ಅವಶ್ಯಕ. ಟರ್ಬಿನಾಫಿನ್ ಎಂಬ ಔಷಧವು ಇದನ್ನೇ ತಡೆಯುತ್ತದೆ. 1991ರಲ್ಲಿ ಆಸ್ಟ್ರಿಯಾದ ವಿಜ್ಞಾನಿಗಳು ಯೀಸ್ಟಿನಲ್ಲಿ ಈ ಕಿಣ್ವದ ವಂಶವಾಹಿಯನ್ನು ಪ್ರತ್ಯೇಕಿಸಿ, ತದ್ರೂಪುಗೊಳಿಸಿ, ಅದರ ಗುಣಲಕ್ಷಣಗಳನ್ನು ವಿವರಿಸಿದರು. ವಂಶವಾಹಿಯ ಅಕ್ಷರಗಳನ್ನು ಓದಲು ಬಂದ ಮೇಲೆ, ಔಷಧಕ್ಕೆ ಬಗ್ಗದ ಶಿಲೀಂಧ್ರದಲ್ಲಿ ಯಾವ ಅಕ್ಷರ ಬದಲಾಗಿದೆ ಎಂಬುದನ್ನು ಹುಡುಕುವುದು ಸಾಧ್ಯವಾಯಿತು.

2018ರಲ್ಲಿ ಚಂಡೀಗಡದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಸಂಶೋಧಕರು ನಮ್ಮ ದೇಶದ ರೋಗಿಗಳಿಂದ ಪಡೆದ ಶಿಲೀಂಧ್ರಗಳಲ್ಲಿ ಈ ಕಿಣ್ವದ 393 ಮತ್ತು 397ನೆಯ ಸ್ಥಾನಗಳಲ್ಲಿ ಬದಲಾವಣೆ ಕಂಡರು. ಸರಪಳಿಯ ಒಂದೇ ಕೊಂಡಿ ಬದಲಾದರೆ ಔಷಧದ ಹಿಡಿತ ಸಡಿಲಗೊಳ್ಳುತ್ತದೆ. 2020ರಲ್ಲಿ ಇಂತಹ ಒಂದು ಪ್ರಭೇದಕ್ಕೆ ಜಪಾನಿನ ವಿಜ್ಞಾನಿಗಳು ಟ್ರೈಕೋಫೈಟಾನ್ ಇಂಡೋಟಿನಿಯೇ ಎಂದು ಹೆಸರಿಟ್ಟರು. ನಮ್ಮ ದೇಶದ ಹೆಸರೇ ರೋಗಾಣುವಿಗೆ ಅಂಟಿರುವುದು ಹೆಮ್ಮೆಯ ಸಂಗತಿಯಲ್ಲ.

ಇದರಲ್ಲಿ ನಮ್ಮ ಪಾಲೂ ಇದೆ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ಅಡಗಿಸುತ್ತದೆಯೇ ಹೊರತು ರೋಗವನ್ನಲ್ಲ. ಚರ್ಮದ ರಕ್ಷಣಾಶಕ್ತಿ ಕುಗ್ಗಿ ಶಿಲೀಂಧ್ರ ಹಬ್ಬುತ್ತದೆ. ಔಷಧವನ್ನು ಅರ್ಧಕ್ಕೆ ನಿಲ್ಲಿಸಿದರೆ ಬದಲಾದ ಶಿಲೀಂಧ್ರವೇ ಉಳಿದು ಬೆಳೆಯುತ್ತದೆ.

ಆದ್ದರಿಂದ ಚರ್ಮದ ಹೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿಕೊಳ್ಳಿರಿ. ಮಚ್ಚೆ ಮಾಸಿದರೂ ವೈದ್ಯರು ಹೇಳಿದಷ್ಟು ದಿನ ಔಷಧ ಮುಂದುವರಿಸಿರಿ. ಮನೆಯಲ್ಲಿ ತುರಿಕೆಯಿರುವ ಎಲ್ಲರೂ ಒಟ್ಟಿಗೇ ಚಿಕಿತ್ಸೆ ಪಡೆಯಬೇಕು. ಒಬ್ಬರ ಟವೆಲ್ಲನ್ನು ಇನ್ನೊಬ್ಬರು ಬಳಸಬಾರದು. ಒಳ‌ಉಡುಪನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿರಿ. ಒದ್ದೆಯಾಗಿಯೇ ಇರುವ ಉಡದಾರವನ್ನು ರೋಗ ಗುಣವಾಗುವವರೆಗೆ ತೆಗೆದಿಡುವುದು ಲೇಸು. ತಗಚೆ ಬೀಜವನ್ನು ಮಜ್ಜಿಗೆಯಲ್ಲಿ ಅರೆದು ಹಚ್ಚುವ ಲೇಪ ನಮ್ಮ ಪರಂಪರೆಯಲ್ಲಿದೆ. ಆದರೆ ಮೈತುಂಬ ಹಬ್ಬಿದ ರೋಗಕ್ಕೆ ಅದೊಂದನ್ನೇ ನಂಬಿ ಕಾಲ ಕಳೆಯಬಾರದು. ಶಿಲೀಂಧ್ರವು ಬದಲಾಗುತ್ತಿರುವಾಗ ನಮ್ಮ ಅಭ್ಯಾಸಗಳೂ ಬದಲಾಗಬೇಕು.