ಕಾಣುವ ಹೊಗೆ, ಕಾಣದ ವಾಯು

ನಮ್ಮ ಜಿಲ್ಲೆಯಲ್ಲಿ ಕಾರ್ಖಾನೆಯ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು ಕರಿಧೂಳಿನ ಸುದ್ದಿ. ಗಿಣಿಗೇರಿ, ಹಿರೇಬಗನಾಳದ ಕಡೆಯ ಸಹಪಾಠಿಗಳು ಬೆಳೆಯ ಮೇಲೆ ಕುಳಿತ ಮಸಿಯನ್ನು ಚೆನ್ನಾಗಿ ಬಲ್ಲರು. ಆದರೆ ಅದೇ ಚಿಮಣಿಯಿಂದ ಬಣ್ಣವಿಲ್ಲದ, ವಾಸನೆಯಿಲ್ಲದ ಮತ್ತೊಂದು ವಸ್ತುವೂ ಹೊರಡುತ್ತದೆ. ಅದೇ ಇಂಗಾಲಾಮ್ಲ ವಾಯು, ಅಂದರೆ ಕಾರ್ಬನ್ ಡೈ ಆಕ್ಸೈಡ್. ಅದರ ವಿಷಯವಾಗಿ ವಾಚಕರ ಮುಂದೆ ನಾಲ್ಕು ಮಾತು ಇಡಬಯಸುತ್ತೇನೆ.

ಇಂಗಾಲದ 12 ಭಾಗ ಉರಿದರೆ ಗಾಳಿಯ ಆಮ್ಲಜನಕದ 32 ಭಾಗ ಸೇರಿ 44 ಭಾಗ ಇಂಗಾಲಾಮ್ಲವಾಗುತ್ತದೆ. ಇದು ಬಿಸಿಲನ್ನು ಒಳಗೆ ಬಿಟ್ಟು, ಭೂಮಿಯ ಕಾವು ಹೊರಹೋಗದಂತೆ ತಡೆಯುತ್ತದೆ. 1958ರಲ್ಲಿ ಹವಾಯಿ ದ್ವೀಪದಲ್ಲಿ ಅಳೆಯತೊಡಗಿದಾಗ ಗಾಳಿಯ 10 ಲಕ್ಷ ಭಾಗಗಳಲ್ಲಿ ಇದು ಸುಮಾರು 315 ಭಾಗವಿತ್ತು. 2024ರಲ್ಲಿ 420ನ್ನು ದಾಟಿತ್ತು.

ಎಲ್ಲ ಹೊಗೆಯೂ ಒಂದೇ ಅಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ಕಣಜವಾಯಿತು. ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಹೊಟ್ಟು. ಗಿರಣಿಯ ಬಾಯ್ಲರಿಗೆ ಅದೇ ಉರುವಲು. ಅದರ ಹೊಗೆ ಕಣ್ಣಿಗೂ ಎದೆಗೂ ಕೆಟ್ಟದ್ದೇ. ಆದರೂ ಅದರಲ್ಲಿರುವ ಇಂಗಾಲವನ್ನು ಪೈರು ಗಾಳಿಯಿಂದಲೇ ಪಡೆದಿತ್ತು. ಮುಂದಿನ ಪೈರು ಮತ್ತೆ ಹೀರಿಕೊಳ್ಳುತ್ತದೆ. ಅದು ಕೈಗಡವಿದ್ದಂತೆ. ಕಲ್ಲಿದ್ದಲಿನ ಇಂಗಾಲವಾದರೋ ಕೋಟ್ಯಂತರ ವರ್ಷ ನೆಲದೊಳಗೆ ಹುದುಗಿದ್ದದ್ದು. ಅದು ಸುಲಭವಾಗಿ ತೀರುವ ಸಾಲವಲ್ಲ.

1990ರ ದಶಕದಿಂದೀಚೆಗೆ ಕೊಪ್ಪಳದ ಸುತ್ತ ಕಬ್ಬಿಣದ ಕಾರ್ಖಾನೆಗಳು ಬೆಳೆದಿವೆ. ಊದುಕುಲುಮೆಗೆ ಕೋಕ್ ಬೇಕು, ಸ್ಪಾಂಜ್ ಐರನ್ನಿಗೆ ಕಲ್ಲಿದ್ದಲು ಬೇಕು. ಅಲ್ಲಿ ಇದ್ದಲು ಬರಿಯ ಉರುವಲಲ್ಲ. ಅದಿರಿನಿಂದ ಆಮ್ಲಜನಕವನ್ನು ಬೇರ್ಪಡಿಸುವುದೂ ಅದೇ. ಭಾರತದಲ್ಲಿ 1 ಟನ್ ಉಕ್ಕು ತಯಾರಾಗುವಾಗ ಸರಾಸರಿ ಸುಮಾರು 2.5 ಟನ್ ಇಂಗಾಲಾಮ್ಲ ಹೊರಬೀಳುತ್ತದೆ.

ಇದರ ಪಕ್ಕದಲ್ಲಿ ನಮ್ಮ ಸಂಸ್ಥೆಗಳ ಅಡುಗೆಮನೆಯನ್ನಿಟ್ಟು ನೋಡೋಣ. 19 ಕಿಲೋ ಅನಿಲದ ಒಂದು ಸಿಲಿಂಡರ್ ಉರಿದರೆ ಸುಮಾರು 57 ಕಿಲೋ ಇಂಗಾಲಾಮ್ಲ ಹುಟ್ಟುತ್ತದೆ. ಬಿಸಿಯೂಟ ಬೇಯಿಸುವ ತಾಯಂದಿರನ್ನು ಸೌದೆಯ ಹೊಗೆಯಿಂದ ಬಿಡಿಸಿದ ಈ ಅನಿಲವನ್ನು ನಾನು ದೂರಲಾರೆ. ಹೊರೆ ಹೆಚ್ಚಿರುವುದು ಕುಲುಮೆಯ ಕಡೆಗೆ.

ಧೂಳು ಹಿಡಿಯುವ ಯಂತ್ರ ಮಸಿಯನ್ನು ತಡೆಯುತ್ತದೆ. ಅದು ಅವಶ್ಯವಾಗಿ ಬೇಕು. ಆದರೆ ಇಂಗಾಲಾಮ್ಲ ಅದಕ್ಕೆ ಸಿಕ್ಕುವುದಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಹೊಲಗಳಲ್ಲಿ ಈಗ ಗಾಳಿಯಂತ್ರಗಳು ತಿರುಗುತ್ತಿವೆ. ಅಂಥ ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆದ ಜಲಜನಕ, ಅದಿರಿನ ವಿಷಯದಲ್ಲಿ ಇದ್ದಲಿನ ಕೆಲಸವನ್ನು ಮಾಡಬಲ್ಲದು. ಸದ್ಯಕ್ಕೆ ಅದು ದುಬಾರಿ.

ನಮ್ಮಲ್ಲಿ ಅನೇಕರಿಗೆ ನಾಳೆ ಅನ್ನ ಕೊಡುವವು ಈ ಕಾರ್ಖಾನೆಗಳೇ. ಆ ಮಸಿ ಬೀಳುವ ಹೊಲಗಳೂ ನಮ್ಮವರವೇ. ಆದುದರಿಂದ ಚಿಮಣಿ ಬೆಳ್ಳಗಾಯಿತೆಂದು ಸಮಾಧಾನಪಡದೆ, ವರ್ಷಕ್ಕೆ ಎಷ್ಟು ಇದ್ದಲು ಉರಿಯಿತೆಂಬ ಲೆಕ್ಕವನ್ನು ಕೇಳುವುದು ವಿದ್ಯಾವಂತರ ಕರ್ತವ್ಯವೆಂದು ನಾನು ಭಾವಿಸುತ್ತೇನೆ.