ಗೇಟು ಹಾಕಿದ್ದು ಯಾರ ತಪ್ಪಿಗೆ?

ಬಿಇ ಮೊದಲ ವರ್ಷದಲ್ಲಿದ್ದಾಗ ಒಂದು ವಿಡಿಯೊ ನೋಡಿದೆ. ಗಿಟ್‌ಹಬ್‌ನಲ್ಲಿ ಬೇರೆಯವರ ಪ್ರಾಜೆಕ್ಟಿಗೆ ‘ಪುಲ್ ರಿಕ್ವೆಸ್ಟ್’ ಕಳಿಸುವುದು ಹೇಗೆಂದು ಅದರಲ್ಲಿ ಹೇಳಿಕೊಟ್ಟಿದ್ದರು. ‘ನಿಮ್ಮ ಕೋಡ್‌ನಲ್ಲಿ ಈ ಬದಲಾವಣೆ ಮಾಡಿದ್ದೇನೆ, ಸರಿಯಿದ್ದರೆ ಸೇರಿಸಿಕೊಳ್ಳಿ’ ಎಂದು ಕೇಳುವುದೇ ಪುಲ್ ರಿಕ್ವೆಸ್ಟ್. ರಜೆಗೆ ಅಂತರಸಂತೆಗೆ ಬಂದಿದ್ದವಳು ಸಿಗ್ನಲ್‌ಗಾಗಿ ತಾರಸಿ ಹತ್ತಿ, ದೊಡ್ಡದೊಂದು ಪ್ರಾಜೆಕ್ಟಿನ ರೀಡ್‌ಮಿ ಫೈಲಿಗೆ ನನ್ನ ಹೆಸರು ಸೇರಿಸಿ ಕಳಿಸಿಯೇಬಿಟ್ಟೆ. ರೆಸ್ಯೂಮೆಗೆ ಒಂದು ಸಾಲು ಸಿಕ್ಕಿತೆಂದು ಖುಷಿಯೋ ಖುಷಿ. ಮರುದಿನ ನೋಡಿದರೆ ‘ಸ್ಪ್ಯಾಮ್’ ಎಂದು ಬರೆದು ಮುಚ್ಚಿದ್ದರು.

ನಾನೊಬ್ಬಳೇ ಅಲ್ಲ ಎಂದು ಆಮೇಲೆ ತಿಳಿಯಿತು. 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ 4 ಪುಲ್ ರಿಕ್ವೆಸ್ಟ್‌ಗೆ ಒಂದು ಟಿ-ಶರ್ಟ್ ಇತ್ತು. ಅದರ ಆಸೆಗೆ ಬಂದ ಕಸ ನೋಡಿ ಸಂಘಟಕರು ಮೂರನೇ ದಿನವೇ ನಿಯಮ ಬದಲಿಸಿದರು. ಒಪ್ಪಿದ ಪ್ರಾಜೆಕ್ಟುಗಳಿಗೆ ಕಳಿಸಿದ್ದಕ್ಕೆ ಮಾತ್ರ ಲೆಕ್ಕ. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಪ್ರಾಜೆಕ್ಟಿಗೂ ನನ್ನಂಥ ವಿದ್ಯಾರ್ಥಿಗಳ ಹೆಸರುಗಳೇ ರಾಶಿ ಬಿದ್ದವು. ಈಗಂತೂ ಎಐ ಬರೆದ ಕೋಡ್‌ನ ಪ್ರವಾಹ. ಇವನ್ನೆಲ್ಲ ಓದುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವವರು.

ಹೊಸಬರನ್ನು 24 ಗಂಟೆಯಿಂದ 6 ತಿಂಗಳವರೆಗೆ ತಡೆಯುವ ಸೌಲಭ್ಯ ಗಿಟ್‌ಹಬ್‌ನಲ್ಲಿ ಮೊದಲೇ ಇತ್ತು. 2026ರ ಫೆಬ್ರುವರಿಯಿಂದ ಪುಲ್ ರಿಕ್ವೆಸ್ಟನ್ನೇ ಬಂದ್ ಮಾಡಬಹುದು, ಇಲ್ಲವೇ ತಂಡದವರಿಗಷ್ಟೇ ಬಿಡಬಹುದು.

ಅವರ ಕಷ್ಟ ನಿಜ. ಆದರೆ ನಮ್ಮ ಕಷ್ಟವೂ ಇದೆ. ಯಾವ ಕಾಲೇಜು, ಯಾರ ಶಿಫಾರಸು ಎಂದು ಕೇಳದೆ ಕೆಲಸ ಮಾತ್ರ ನೋಡುತ್ತಿದ್ದ ಜಾಗ ಅದು. ಹಳ್ಳಿಯಿಂದ ಬಂದವರಿಗೆ ಅಂಥ ಬಾಗಿಲು ಎಷ್ಟಿವೆ?

ನಮ್ಮೂರಿನಿಂದ ಮುಂದೆ ನಾಗರಹೊಳೆ ಕಾಡಿನೊಳಗೆ ಹೋಗುವ ಮಾನಂದವಾಡಿ ರಸ್ತೆಗೆ ರಾತ್ರಿ ಗೇಟು ಹಾಕುತ್ತಾರೆ. ಪ್ರಾಣಿಗಳಿಗಾಗಿ ಅದು ಬೇಕು. ಆದರೆ ಬೆಳಗಾದರೆ ತೆರೆಯುತ್ತಾರೆ. ಕೋಡ್‌ಗೂ ಅಂಥ ಗೇಟು ಸಾಧ್ಯ. ಫೈರ್‌ಫಾಕ್ಸ್ ಅನ್ನು ಕನ್ನಡಕ್ಕೆ ತರುವ ಪಾಂಟೂನ್‌ನಲ್ಲಿ ಯಾರು ಬೇಕಾದರೂ ಅನುವಾದ ಸೂಚಿಸಬಹುದು. ಅನುಭವಿಗಳು ಒಪ್ಪಿದರಷ್ಟೇ ಅದು ಸೇರುತ್ತದೆ. ನಂಬಿಕೆ ಗಳಿಸಿದವರಿಗೆ ಹೆಚ್ಚಿನ ಅಧಿಕಾರ ಸಿಗುತ್ತದೆ.

ಕಳೆದ ವರ್ಷ ಒಂದು ಸಾಫ್ಟ್‌ವೇರ್ ಹಾಕಿಕೊಳ್ಳುವಾಗ ಅದರ ಸೂಚನೆಯಲ್ಲೊಂದು ಕಮಾಂಡ್ ತಪ್ಪಿತ್ತು. ಈ ಸಲ ಮೊದಲು ನಿಯಮ ಓದಿದೆ, ತಪ್ಪನ್ನು ವಿವರಿಸಿದೆ, ‘ನಾನು ಸರಿಪಡಿಸಲೇ?’ ಎಂದು ಕೇಳಿದೆ. ಅವರು ಎರಡು ಪ್ರಶ್ನೆ ಕೇಳಿದರು, ಉತ್ತರಿಸಿದೆ. ಒಂದೇ ಸಾಲಿನ ತಿದ್ದುಪಡಿ ಸೇರಿತು. ರೆಸ್ಯೂಮೆಯಲ್ಲಿ ಅದನ್ನು ಹಾಕಿದ್ದೇನೆ. ಸಂದರ್ಶನದಲ್ಲಿ ಯಾರಾದರೂ ಕೇಳಿದರೆ ಹೇಳಲು ಈಗ ನನ್ನ ಹತ್ತಿರ ಮಾತಿದೆ.